ನಾನು ಮುಲ್ಕಿಯಾದದ್ದು

ಹುಟ್ಟೂರನ್ನು ಹೊಗಳುವುದೂ ಒಂದು ಚಟ. ನಶ್ಯಕ್ಕಿಂತ ಕೆಟ್ಟದ್ದು. ನಶ್ಯ ಏರಿಸಿದವನು ತಾನೊಬ್ಬನೇ ಸೀನುತ್ತಾನೆ, ಊರು ಹೊಗಳುವವನು ಸುತ್ತಲಿನವರ ತಲೆ ತಿನ್ನುತ್ತಾನೆ. ಆ ಚಟ ನನಗಿತ್ತೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗದಗಿನಿಂದ ಮಸ್ಕಿಗೆ ಮಾಸ್ತರನಾಗಿ ಬಂದು ಹದಿನಾರು ವರ್ಷವಾಗಿತ್ತು. ಇಲ್ಲಿಯ ಜೋಳದ ರೊಟ್ಟಿ ತಿಂದು ಮೈ ಬಂದಿತ್ತು, ಮಗಳು ಇಲ್ಲಿಯೇ ಹುಟ್ಟಿದ್ದಳು. ಆದರೂ ಸಂಜೆ ಶರಣಪ್ಪನವರ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತೆನೆಂದರೆ "ನಮ್ಮ ಗದಗಿನಾಗ..." ಎಂದೇ ಬಾಯಿ ತೆರೆಯುತ್ತಿದ್ದೆ. ಊರವರಿಗೂ ನಾನು ಗದಗಿನ ಮಾಸ್ತರನೇ.

ವರ್ತಕರು ನಡೆಸುತ್ತಿದ್ದ ನಮ್ಮ ಶಾಲೆಯನ್ನು ಸರ್ಕಾರ ವಹಿಸಿಕೊಂಡಾಗ ತೊಂದರೆ ಶುರುವಾಯಿತು. ಆಗ ಗದಗು ಮುಂಬಯಿ ಪ್ರಾಂತ್ಯದ್ದು, ಮಸ್ಕಿ ಹೈದರಾಬಾದಿನದು. ನೌಕರಿ ಉಳಿಯಬೇಕಾದರೆ ನಾನು ಮುಲ್ಕಿ, ಅಂದರೆ ಈ ನಾಡಿನವನು, ಎಂಬ ಕಾಗದ ಬೇಕಂತೆ. ಹದಿನೈದು ವರ್ಷ ಇಲ್ಲಿ ಬಾಳಿರಬೇಕು, ಹುಟ್ಟೂರಿಗೆ ಮರಳುವುದಿಲ್ಲವೆಂದು ಬರೆದುಕೊಡಬೇಕು, ಬಲ್ಲವರೊಬ್ಬರು ಸಾಕ್ಷಿ ನುಡಿಯಬೇಕು. ನಾನು ಬಂದ ವರ್ಷದ ಹಾಜರಿ ಪುಸ್ತಕವನ್ನು ಗೆದ್ದಲು ತಿಂದು ಮುಗಿಸಿತ್ತು. ಶರಣಪ್ಪನವರೇ ಗತಿಯಾದರು.

ಲಿಂಗಸುಗೂರಿನ ತಹಶೀಲ್ ಕಚೇರಿಗೆ ಹೊರಟಾಗ ಬಸ್ಸಿನಲ್ಲಿ ಅವರಿಗೇ ಪಾಠ ಹೇಳಲು ನೋಡಿದೆ. "ಗದಗಿನ ಸುದ್ದಿ ಮಾತ್ರ ತೆಗೀಬ್ಯಾಡ್ರಿ" ಎಂದೆ. ಅವರು ಹಣೆಯ ವಿಭೂತಿ ತೋರಿಸಿ, "ಈಬತ್ತಿ ಹಚ್ಚೀನ್ರಿ ಮಾಸ್ತರ. ಇದ್ದದ್ದು ಇದ್ದಂಗ ಹೇಳಾವ ನಾ" ಎಂದರು.

"ಇವರಿಗೆ ವಾಪಸ್ ಹೋಗೋ ಇರಾದಾ ಐತೇನು?" ಎಂದು ತಹಶೀಲ್ದಾರರು ಶರಣಪ್ಪನವರನ್ನು ಕೇಳಿದರು.

"ಅದು ಗೊತ್ತಿಲ್ರಿ ಸಾಹೇಬ್ರ. ಆದ್ರ ದಿನಾ ಸಂಜೀಕ ನಮ್ಮ ಅಂಗಡಿ ಮುಂದ ಕುಂತು, ನಮ್ಮ ಗದಗಿನಾಗ ಮಿರ್ಚಿ ಹಂಗ, ನಮ್ಮ ಗದಗಿನಾಗ ಬಜಾರ ಹಿಂಗ ಅಂತ ನನ್ನ ತಲಿ ತಿಂದಾರ್ರಿ."

ಮುಗಿಯಿತು, ನೌಕರಿ ಹೋಯಿತು, ಇನ್ನು ಹೆಂಡತಿ ಮಗಳಿಗೆ ಏನು ಹೇಳಲಿ ಎಂದುಕೊಂಡೆ. ತಹಶೀಲ್ದಾರರು ಲೇಖನಿ ಕೆಳಗಿಟ್ಟರು.

"ದಿನಾ?"

"ದಿನಾ ರೀ. ಹದಿನಾರು ವರ್ಷದಾಗ ಊರಾಗಿದ್ದ ಒಂದು ಸಂಜೀನೂ ಬಿಟ್ಟಿಲ್ಲ. ವರ್ಷಕ್ಕೊಮ್ಮೆ ಗದಗಿಗೆ ಹೋಗ್ತಾರ, ಎಂಟು ದಿನ ನಿಲ್ಲಂಗಿಲ್ಲ, ಓಡಿ ಬರ್ತಾರ."

ಸಾಹೇಬರು ಹೊಟ್ಟೆ ಕುಣಿಯುವಂತೆ ನಕ್ಕರು. "ಹದಿನಾರು ವರ್ಷ ಮಸ್ಕ್ಯಾಗ ಕುಂತು ಗದಗಿನ ತಾರೀಫ್ ಮಾಡ್ಯಾರಂದ್ರ, ಹದಿನಾರು ವರ್ಷ ಮಸ್ಕ್ಯಾಗೇ ಅದಾರ. ಇನ್ನೇನು ಸಬೂತು ಬೇಕು?" ಎಂದು ಠಸ್ಸೆ ಒತ್ತಿಸಿದರು. ನನ್ನ ದುರಭ್ಯಾಸ ನನ್ನ ನೌಕರಿ ಉಳಿಸಿತು. ಖುಷಿಯಿಂದ ಶರಣಪ್ಪನವರ ಕೈ ಹಿಡಿದುಕೊಂಡೆ.

ಆ ಬೇಸಿಗೆಯಲ್ಲಿ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಗದಗಿಗೆ, ಅಣ್ಣನ ಮನೆಗೆ ಹೋದೆ. ಮೂರನೆಯ ದಿನ ಊಟಕ್ಕೆ ಕೂತು, ರೊಟ್ಟಿ ಮುರಿಯುತ್ತ ಏನೋ ಹೇಳುತ್ತಿದ್ದೆ. ವೈನಿ ಬಡಿಸುವುದನ್ನು ನಿಲ್ಲಿಸಿ ಅಣ್ಣನ ಮುಖ ನೋಡಿದರು.

"ಬಂದಾಗಿಂದ ನಮ್ಮ ಮಸ್ಕ್ಯಾಗ ಹಂಗ, ನಮ್ಮ ಮಸ್ಕ್ಯಾಗ ಹಿಂಗ ಅಂತ ತಲಿ ತಿನ್ನಾಕತ್ತೀಯಲ್ಲೋ," ಎಂದ ಅಣ್ಣ. "ಅಷ್ಟು ಛಲೋ ಇದ್ರ ಅಲ್ಲೇ ಇರಬಾರದೇನು?"

ಹಾಗೆಂದು ಸರ್ಕಾರಕ್ಕೇ ಬರೆದುಕೊಟ್ಟಾಗಿತ್ತು; ಕಿಸೆಯ ಕಾಗದವನ್ನೊಮ್ಮೆ ಮುಟ್ಟಿ ನೋಡಿಕೊಂಡೆ. ವಿಭೂತಿ ಹಚ್ಚಿದವರ ಸಾಕ್ಷಿ ಸುಳ್ಳಾಗಬಾರದೆಂದು ಮರುದಿನವೇ ಊರಿಗೆ ಹೊರಟೆ.