ಗ್ರೇವಿಯ ತೂಕ

ಬೆಳಿಗ್ಗೆ ಏಳಕ್ಕೆ ಗ್ರೇವಿ ಒಂದು ತೇಗು ತೇಗಿತು. ತೇಗಿನಲ್ಲಿ ಬೇಕನ್ ಎಂಬ ಹಂದಿಮಾಂಸದ ವಾಸನೆ ಇತ್ತು.

ಓರಿನ್ ಹಾಲ್ವರ್ಸನ್ ಹಲ್ಲುಜ್ಜುವುದನ್ನು ನಿಲ್ಲಿಸಿ ತನ್ನ ನಾಯಿಯ ಮುಖವನ್ನೇ ನೋಡಿದ. ಎರಡು ತಿಂಗಳಿಂದ ಅದಕ್ಕೆ ಬೇಯಿಸಿದ ಬೀನ್ಸ್ ಬಿಟ್ಟರೆ ಒಂದೇ ಹಿಡಿ ಒಣ ಆಹಾರ. ತೂಕ ಇಳಿಸದಿದ್ದರೆ ನಾಯಿಯ ಮಂಡಿ ಹೋಗುತ್ತದೆ ಎಂದು ಪಶುವೈದ್ಯೆ ಹೇಳಿದ್ದಳು. ಸ್ಕೂಲ್ ಬಸ್ ಓಡಿಸುವ ಓರಿನ್ ಅಮೆರಿಕದ ಡುಲೂತ್‌ನ ಮೂಳೆ ಕೊರೆಯುವ ಚಳಿಯಲ್ಲಿ ದಿನಕ್ಕೆರಡು ಸಲ ಅದನ್ನು ಸರೋವರದ ದಂಡೆಯವರೆಗೆ ನಡೆಸಿದ್ದ. ಇಳಿದದ್ದು ಓರಿನ್. ಗ್ರೇವಿ ಎಂಬ ಆ ಬೀಗಲ್ ತಳಿಯ ನಾಯಿ ಮಾತ್ರ ನಾಲ್ಕು ಕಾಲು ಹಚ್ಚಿದ ದಿಂಬಿನಂತೆ ನಲವತ್ತೈದು ಪೌಂಡಿಗೇ ನಿಂತಿತ್ತು.

ಮಧ್ಯಾಹ್ನ ಮೂರಕ್ಕೆ ಅದನ್ನು ತೂಗುವುದಿತ್ತು. ಅದಕ್ಕೆಂದೇ ಓರಿನ್ ಕೆಲಸಕ್ಕೆ ರಜೆ ಹಾಕಿದ್ದ.

ಹೋದ ವರ್ಷ, ಓರಿನ್ ಬಾಡಿಗೆಗಿದ್ದ ಈ ಹಳೆಯ ಕಟ್ಟಡವನ್ನು ಯಾವುದೋ ದೂರದ ಕಂಪನಿ ಕೊಂಡುಕೊಂಡಿತ್ತು. ಬಾಡಿಗೆ ಏರಿಸಿತು, ಬಟ್ಟೆ ಒಗೆಯುವ ಯಂತ್ರಗಳಿಗೆ ಬೀಗ ಜಡಿಯಿತು, ಆಮೇಲೆ ಬಾಡಿಗೆದಾರರ ನಾಯಿ ಮೂವತ್ತೈದು ಪೌಂಡ್ ಮೀರಬಾರದೆಂದು ನಿಯಮ ಮಾಡಿತು. ಮೀರಿದರೆ ತಿಂಗಳ ಕೊನೆಗೆ ನಾಯಿ ಹೊರಗೆ. ಬೇಕಿದ್ದರೆ ಯಜಮಾನನೂ ಜೊತೆಗೆ ಹೋಗಬಹುದು. ನಾಯಿ ಸಾಕಿದವನಿಗೆ ಊರಲ್ಲಿ ಇನ್ನೊಂದು ಮನೆ ಹುಡುಕುವುದಕ್ಕಿಂತ ಇನ್ನೊಬ್ಬ ಹೆಂಡತಿಯನ್ನು ಹುಡುಕುವುದು ಸುಲಭ. ಹೀಟರ್ ಕೆಟ್ಟಿದೆ ಎಂದು ಬಾಡಿಗೆದಾರರು ಮೂರು ತಿಂಗಳು ಗೋಗರೆದರೂ ಒಬ್ಬನನ್ನೂ ಕಳಿಸದ ಕಂಪನಿ, ನಾಯಿ ತೂಗಲು ಮಾತ್ರ ಹೊಸ ತೂಕದ ಯಂತ್ರವನ್ನೇ ಕಳಿಸಿತ್ತು.

ಓರಿನ್ ಎದುರುಮನೆಯ ಬಾಗಿಲು ಬಡಿದ. ಎಂಬತ್ತರ ವರ್ನಾ ಕೈಯಲ್ಲಿ ಬಾಣಲೆ ಹಿಡಿದೇ ಬಂದಳು.

"ವರ್ನಾ, ನಾಯಿಗೆ ಬೇಕನ್ ಹಾಕಿದ್ರಾ?"

"ಒಂದೇ ಒಂದು ಚೂರು ಮಗಾ. ಅದು ನನ್ನ ನೋಡೋ ರೀತಿ ನೋಡಿದೀಯಾ? ನನ್ನ ಗಂಡ ಕೂಡ ಹಾಗೆ ನೋಡಿರ್ಲಿಲ್ಲ."

"ದಿನಾನಾ?"

"ದಿನಾ ಒಂದೇ ಚೂರು. ಆ ಗೇಲನ್ ಥರ ಚೀಸ್ ಗಡ್ಡೆ ಕೊಡಲ್ಲ ನಾನು."

ಮೂಲೆಮನೆಯ ಗೇಲನ್, ನಿವೃತ್ತ ಪ್ಲಂಬರ್, ತನ್ನ ಹೆಸರು ಕೇಳಿ ತಲೆ ಹೊರಗೆ ಹಾಕಿದ. "ನನ್ನ ಚೀಸ್ ಕಡಿಮೆ ಕೊಬ್ಬಿನದು."

"ಇವತ್ತು ತೂಕ ಕಣ್ರೀ," ಎಂದು ಓರಿನ್ ಗೋಡೆಗೆ ಒರಗಿದ. "ನೀವಿಬ್ರೂ ಸೇರಿ ನನ್ನ ನಾಯೀನ ಬೀದಿಗೆ ತಂದ್ರಿ."

ಇಬ್ಬರ ಮುಖವೂ ಬಾಡಿತು. ಗೇಲನ್ ಬಾಗಿಲು ದಾಟಿ ಹೊರಗೆ ಬಂದ. "ನಾಯಿ ಯಂತ್ರದ ಮೇಲೆ ಒಂದ್ಕಡೆ ನಿಲ್ಲಲ್ಲ. ಅದಕ್ಕೆ ಮೊದಲು ನಿನ್ನ ಒಬ್ಬನ್ನೇ ನಿಲ್ಲಿಸ್ತಾರೆ. ಆಮೇಲೆ ನಾಯಿ ಎತ್ಕೊಂಡು ನಿಲ್ಲಬೇಕು. ಎರಡನೇದ್ರಲ್ಲಿ ಮೊದಲನೇದು ಕಳೀತಾರೆ. ಅರ್ಥ ಆಯ್ತಾ?"

"ಇಲ್ಲ."

"ಮೊದಲನೇ ಸಲ ನೀನು ಭಾರ ಇದ್ರೆ ನಾಯಿ ಹಗುರ ಆಗುತ್ತೆ ಕಣೋ. ದಪ್ಪ ಕೋಟು ಹಾಕ್ಕೊಂಡು ನಿಲ್ಲು. ಆಮೇಲೆ, ಕೋಟಿಗೆ ಕೂದಲು ಹತ್ತುತ್ತೆ ಅಂತ ಬಿಚ್ಚಿ ನಾಯಿ ಎತ್ಕೋ."

"ಅದು ಮೋಸ ಅಲ್ವಾ?"

"ಹೀಟರ್ ಇಲ್ಲದ ಮನೆಗೆ ಪೂರಾ ಬಾಡಿಗೆ ತಗೊಳ್ಳೋದು ಏನು ಮತ್ತೆ?" ಎಂದಳು ವರ್ನಾ.

ಓರಿನ್ ಹೆಚ್ಚು ವಾದಿಸಲಿಲ್ಲ. ಐದು ಪೌಂಡಿನ ಹಳೆಯ ಕೋಟಿನ ಒಳಜೇಬಿಗೆ ಏಳು ಪೌಂಡಿನಷ್ಟು ಕಬ್ಬಿಣದ ಸರಪಳಿ ಇಳಿಬಿಟ್ಟ. ಲೆಕ್ಕದಲ್ಲಿ ಗ್ರೇವಿ ಮೂವತ್ಮೂರಕ್ಕೆ ಇಳಿಯಿತು. ಕೋಟನ್ನು ಬಾಗಿಲಾಚೆ ಎಲ್ಲರೂ ಓಡಾಡುವ ಹಜಾರದ ಗೂಟಕ್ಕೆ ನೇತುಹಾಕಿ, ಇನ್ನೊಂದು ಜಾಕೆಟ್ ತೊಟ್ಟು, ಇದ್ದುದರಲ್ಲಿ ಸ್ವಲ್ಪವಾದರೂ ಕರಗಲಿ ಎಂದು ನಾಯಿಯನ್ನು ಹಿಮದಲ್ಲಿ ಗಂಟೆಗಟ್ಟಲೆ ನಡೆಸಿದ. ಅರ್ಧ ದಾರಿಯಲ್ಲಿ ಗ್ರೇವಿ ಕುಳಿತುಬಿಟ್ಟಿತು. ಅಲ್ಲಿಂದ ಓರಿನ್ನೇ ಅದನ್ನು ಹೊತ್ತು ತಂದ.

ಮೂರಕ್ಕೆ ಐದು ನಿಮಿಷವಿತ್ತು. ಕೋಟು ಎಳೆದು ತೊಟ್ಟವನೇ ನಾಯಿಯ ಜೊತೆ ಮೆಟ್ಟಿಲಿಳಿದ. ಕೋಟು ಹೆಗಲನ್ನು ಕೆಳಗೆ ಜಗ್ಗುತ್ತಿತ್ತು. ಜನ್ಮದಲ್ಲಿ ಸುಳ್ಳು ಹೇಳದವನಿಗೆ ಸುಳ್ಳು ಇಷ್ಟು ಭಾರವಾಗುತ್ತದೆ ಎಂದುಕೊಂಡ.

ಆಫೀಸಿನಲ್ಲಿ ಕಂಪನಿಯ ಮ್ಯಾನೇಜರ್ ಕೆಂಡ್ರಾ ಟ್ಯಾಬ್ಲೆಟ್ ಹಿಡಿದು ಕುಳಿತಿದ್ದಳು. ತಲೆ ಎತ್ತಲಿಲ್ಲ.

"ನಿಂತ್ಕೊಳ್ಳಿ. ಇನ್ನೂರ ಹತ್ತು. ಈಗ ನಾಯಿ ಜೊತೆ."

"ಕೋಟಿಗೆ ಕೂದಲು ಹತ್ತುತ್ತೆ," ಎಂದು ಓರಿನ್ ಪಾಠ ಒಪ್ಪಿಸಿ, ಕೋಟನ್ನು ಕುರ್ಚಿಯ ಮೇಲಿಟ್ಟ. ಕುರ್ಚಿ ಕಿರುಗುಟ್ಟಿತು. ಗ್ರೇವಿಯನ್ನು ಎತ್ತಿ ಹಲ್ಲು ಕಚ್ಚಿ ನಿಂತ.

"ಇನ್ನೂರ ಇಪ್ಪತ್ತೈದು." ಕೆಂಡ್ರಾಳ ಬೆರಳು ಪರದೆಯ ಮೇಲೆ ಓಡಿ ನಿಂತಿತು. ಹುಬ್ಬು ಗಂಟಿಕ್ಕಿತು. "ಹದಿನೈದು ಪೌಂಡಾ?"

"ಎಷ್ಟು?" ಎಂದ ಓರಿನ್.

"ಹದಿನೈದು. ಬೀಗಲ್ ಅಂದ್ರೆ ಕನಿಷ್ಠ ಇಪ್ಪತ್ತು ಇರಬೇಕು, ಪಟ್ಟೀಲಿದೆ ನೋಡಿ. ಏನು ಹಾಕ್ತೀರಾ ಇದಕ್ಕೆ?"

"ಬೀನ್ಸ್."

"ಬರೀ ಬೀನ್ಸಾ?"

ಓರಿನ್ ನಾಯಿಯನ್ನು ಇಳಿಸಿ ಕೋಟಿನ ಹೊರಜೇಬಿಗೆ ಕೈಹಾಕಿದ. ಎಡಗಡೆ ಸೂಪಿನ ಡಬ್ಬಿಗಳು. ಬಲಗಡೆ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳು. ಬಾಗಿಲ ಗಾಜಿನಾಚೆ ವರ್ನಾ ಮತ್ತು ಗೇಲನ್ ಗೆದ್ದವರಂತೆ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಒಬ್ಬರ ಪುಣ್ಯಕಾರ್ಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲವೆಂದು ಅವರ ಮುಖದಲ್ಲೇ ಬರೆದಿತ್ತು.

"ಮೇಡಂ, ಒಂದು ಸಲ ನಾಯಿ ಕಡೆ ನೋಡಿ," ಎಂದ ಓರಿನ್, ಸಣ್ಣ ದನಿಯಲ್ಲಿ.

ಕೆಂಡ್ರಾ ಮೊದಲ ಬಾರಿಗೆ ನೋಡಿದಳು. ನೆಲಕ್ಕೆ ತಾಗುವಂತಿದ್ದ ಹೊಟ್ಟೆ ಕಂಡು ಅವಳ ಕಣ್ಣು ತೇವವಾಯಿತು. "ಪಾಪ, ಹಸಿವಿನಿಂದ ಹೊಟ್ಟೆ ಊದ್ಕೊಂಡಿದೆ."

ಸತ್ಯ ಓರಿನ್‌ನ ನಾಲಿಗೆಯ ತುದಿಗೆ ಬಂತು. ಹೇಳಿದರೆ ನಲವತ್ತೈದು, ಮೋಸವೂ ಸೇರಿ ಇವತ್ತೇ ಹೊರಗೆ. ಹೇಳದಿದ್ದರೆ ನಾಯಿಯನ್ನು ಉಪವಾಸ ಕೆಡವಿದ ಪಾಪಿ. ಆತ ಬಾಯಿ ಮುಚ್ಚಿಕೊಂಡ.

"ಪ್ರಾಣಿರಕ್ಷಣೆಯವರಿಗೆ ಈಗಲೇ ಫೋನ್ ಮಾಡಬಹುದು ನಾನು," ಎಂದಳು ಕೆಂಡ್ರಾ. "ಮಾಡಲ್ಲ. ಹದಿನಾಲ್ಕು ದಿನ ಕೊಡ್ತೀನಿ. ಆಮೇಲೆ ಪಶುವೈದ್ಯರ ಹತ್ರ ತೂಕ. ಅಲ್ಲಿ ನೆಲದ ಯಂತ್ರ ಇದೆ, ನಾಯಿ ಒಂದೇ ನಿಲ್ಲುತ್ತೆ, ನೀವು ಎತ್ಕೊಳ್ಳೋದು ಬೇಕಿಲ್ಲ. ಇಪ್ಪತ್ತಕ್ಕೆ ಬಂದಿರಬೇಕು. ಮೂವತ್ತೈದು ಮೀರಬಾರದು ಅನ್ನೋದು ಗೊತ್ತೇ ಇದೆಯಲ್ಲ."

"ಗೊತ್ತು," ಎಂದ ಓರಿನ್.

ಎರಡು ವಾರದಲ್ಲಿ ಹತ್ತು ಪೌಂಡ್ ಇಳಿಸಬೇಕು. ಬಾಗಿಲಿಗೆ ಚಿಲಕ ಹಾಕಿಕೊಂಡು ಇಬ್ಬರೂ ಬೀನ್ಸ್ ತಿಂದರೆ ಆದೀತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತ ಓರಿನ್ ಮನೆ ಸೇರಿದ. ಆರು ಗಂಟೆಗೆ ಬಾಗಿಲು ಬಡಿಯಿತು. ನಾಲ್ಕನೇ ಮಹಡಿಯ ಗಂಡ ಹೆಂಡತಿ. ಈ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮಾತಾಡಿಸದವರು. ಕೈಯಲ್ಲಿ ಇಡಿಯ ಹುರಿದ ಕೋಳಿ. ಅವರ ಹಿಂದೆ ಮೆಟ್ಟಿಲುದ್ದಕ್ಕೂ ಬೋಗುಣಿ ಹಿಡಿದ ಜನರ ಸಾಲು.

"ಏನಿದು?"

ಹೆಂಗಸು ಓರಿನ್‌ನನ್ನು ಕಟುಕನನ್ನು ನೋಡುವಂತೆ ನೋಡಿ, ಕೆಳಗೆ ಗೋಡೆಯಿಂದ ಕಿತ್ತು ತಂದ ಕಾಗದವನ್ನು ಮುಂದೆ ಹಿಡಿದಳು. ಕಂಪನಿಯ ಮೊಹರಿನ ಕೆಳಗೆ ದಪ್ಪ ಅಕ್ಷರದಲ್ಲಿತ್ತು:

"ಎರಡನೇ ಮಹಡಿಯ ಗ್ರೇವಿ ಹಸಿದಿದೆ. ಕಂಡಲ್ಲಿ ಊಟ ಹಾಕಿ. ಮಾಲೀಕ ಅಡ್ಡಿಪಡಿಸಿದರೆ ಆಫೀಸಿಗೆ ತಿಳಿಸಿ."