ಸೇತುವೆಗೊಂದು ಓಟು

ಕೃಷ್ಣಮೋಹನ ಮೂರು ತಿಂಗಳು ಕೂತು ಮಾಡಿದ ಸೇತುವೆಯ ಮಾದರಿಯ ಮೇಲೆ ಆ ಬೆಳಿಗ್ಗೆ ಪಕ್ಕದ ಮನೆಯ ದೇವಮ್ಮ ಎರಡು ಟವೆಲು, ಒಂದು ಲುಂಗಿ ಒಣಹಾಕಿದ್ದರು.

"ಅಯ್ಯೋ ದೇವಮ್ಮಾ, ಎಂತ ಮಾಡಿದ್ದು ನೀವು!"

"ಹಗ್ಗ ಚೆಂದ ಎಳೆದು ಕಟ್ಟಿದ್ರಲ್ಲ, ಬಟ್ಟೆಗೇ ಅಂತ ಗ್ರಹಿಸಿದೆ," ಎಂದರು ದೇವಮ್ಮ. "ಬಿಸಿಲೂ ಲಾಯ್ಕ ಬೀಳ್ತದೆ ಅಲ್ಲಿ."

ಲುಂಗಿ ತೆಗೆದು ನೋಡಿದರೆ ಆರಡಿ ಉದ್ದದ ತೂಗುಸೇತುವೆಯ ನಡು, ಮದುವೆಮನೆಯಲ್ಲಿ ಉಂಡೆದ್ದವರ ಹೊಟ್ಟೆಯ ಹಾಗೆ ನಾಲ್ಕು ಬೆರಳು ಕೆಳಗಿಳಿದಿತ್ತು. ಹನ್ನೊಂದು ಗಂಟೆಗೆ ಅದು ಕಡಬದ ಸಭಾಭವನದಲ್ಲಿ ತೀರ್ಪುಗಾರರ ಮುಂದೆ ಇರಬೇಕಿತ್ತು.

ಕೃಷ್ಣಮೋಹನ ಪುತ್ತೂರಿನಲ್ಲಿ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಹದಿನಾರು ವರ್ಷಗಳಿಂದ ಮನೆ, ಕೊಟ್ಟಿಗೆ, ಕಂಪೌಂಡು ಗೋಡೆಗಳ ನಕ್ಷೆ ಬರೆಯುತ್ತಿದ್ದ ಇಂಜಿನಿಯರು. ಬೋರ್ಡಿನಲ್ಲಿ 'ಕೃಷ್ಣಮೋಹನ ಅಸೋಸಿಯೇಟ್ಸ್' ಎಂದಿದ್ದರೂ ಅಸೋಸಿಯೇಟ್ ಎನ್ನುವಂಥದ್ದು ಒಂದು ಹಳೆಯ ಪ್ರಿಂಟರ್ ಮಾತ್ರ. ಕಡಬದ ಹತ್ತಿರ ಕುಮಾರಧಾರೆ ಹೊಳೆಗೆ ಒಂದು ಕಾಲುಸೇತುವೆ ಬೇಕು, ವಿನ್ಯಾಸ ಕಳಿಸಿ ಎಂಬ ಪ್ರಕಟಣೆ ನೋಡಿ ಅವನೂ ಕಳಿಸಿದ್ದ. ನಲವತ್ತೊಂದು ಸಂಸ್ಥೆಗಳ ಪೈಕಿ ಅಂತಿಮ ಪಟ್ಟಿಗೆ ಬಂದದ್ದು ಐದು. ಬೆಂಗಳೂರಿನ ಎರಡು, ಅಹಮದಾಬಾದಿನ ಒಂದು, ಮುಂಬಯಿಯ ಒಂದು, ಐದನೆಯದು ಕೃಷ್ಣಮೋಹನ ಅಸೋಸಿಯೇಟ್ಸ್, ಪುತ್ತೂರು. ಆ ಇ-ಮೇಲನ್ನು ಅವನು ಹನ್ನೊಂದು ಸಲ ಓದಿ, ಹನ್ನೆರಡನೆಯ ಸಲ ಹೆಂಡತಿ ಮೂಕಾಂಬಿಕಾಳ ಕೈಯಲ್ಲಿ ಓದಿಸಿದ್ದ. ಗೆದ್ದರೆ, ಬದುಕಿನಲ್ಲಿ ಮೊದಲ ಬಾರಿಗೆ ಅವನು ಕಟ್ಟಿದ್ದೊಂದು ಜನರನ್ನು ಹೊರಗಿಡುವ ಬದಲು ದಾಟಿಸುತ್ತಿತ್ತು.

"ನೀನೊಬ್ಬನೇ ಹೋಗುದಾ? ಮುಂಬಯಿಯವರು ಹತ್ತು ಜನ ಬರ್ತಾರೆ ಮಾರಾಯ," ಎಂದು ಎದುರುಮನೆಯ ತ್ಯಾಂಪಣ್ಣ ಗೇಟು ದಾಟಿ ಬಂದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ಇಡೀ ಬೀದಿಯ ವ್ಯವಹಾರವನ್ನು ಕೈಗೆ ತೆಗೆದುಕೊಂಡಿದ್ದರು. "ನಮ್ಮವರೂ ಬೇಕು. ನಾನು ಎಲ್ಲರಿಗೂ ಹೇಳಿ ಆಯ್ತು."

ಬೀದಿಗೆಲ್ಲ ಬಾಡಿಗೆ ಓಡಿಸುವ ಮೂಸಕುಂಞಿಯ ಪಿಕಪ್ ಬಂದಾಗ ಅದರಲ್ಲಿ ಹದಿನಾಲ್ಕು ಜನ ಹತ್ತಿದರು. ಆಮೇಲೆ ಸೇತುವೆ ಹತ್ತಿತು. ದೇವಮ್ಮ ಪ್ರಾಯಶ್ಚಿತ್ತಕ್ಕೆಂದು ಅದರ ಒಂದು ತುದಿಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡರು. ಸವಣೂರು ದಾಟಿದ ಮೇಲೆ ರಸ್ತೆಗೆ ಅಡ್ಡಲಾಗಿ ಒಂದು ಉಬ್ಬು ಸಿಕ್ಕಿತು. ಎಲ್ಲರೂ ಒಂದು ಗೇಣು ಮೇಲೆ ಹಾರಿದರು. ಇಳಿಯುವಾಗ ತ್ಯಾಂಪಣ್ಣ ಸೇತುವೆಯ ಪಶ್ಚಿಮ ದಡದ ಮೇಲೆ ಇಳಿದರು.

ಕೃಷ್ಣಮೋಹನ ರಸ್ತೆಬದಿಯಲ್ಲಿ ಕೂತು ತಲೆಯ ಮೇಲೆ ಕೈಹೊತ್ತ. ಮುರಿದ ಕಂಬ, ಜೋತುಬಿದ್ದ ಹಗ್ಗ, ಚೆಲ್ಲಿದ ಹಲಗೆ. ಮೂಸಕುಂಞಿ ಮಾತ್ರ ಶಾಂತವಾಗಿ ಸೀಟಿನಡಿಯಿಂದ ಗಾಳದ ನೂಲು ತೆಗೆದ. "ಇದರಲ್ಲಿ ಐದು ಕೆಜಿಯ ಮೀನು ಎಳೆದಿದ್ದೇನೆ ಇಂಜಿನಿಯರೇ. ನಿಮ್ಮ ಸೇತುವೆ ಎಂತ ಭಾರ ಉಂಟು? ನೀವು ಎಲ್ಲಿ ಕಟ್ಟುದು ಅಂತ ಹೇಳಿ."

ಹದಿನಾಲ್ಕು ಜನರೂ ಕೈಹಚ್ಚಿದರು. ಇಪ್ಪತ್ತು ನಿಮಿಷದಲ್ಲಿ ಸೇತುವೆ ಎದ್ದು ನಿಂತಿತು. ಕೃಷ್ಣಮೋಹನನಿಗೇ ಆಶ್ಚರ್ಯ. ಯಾವ ಹಲಗೆ ಮುರಿದರೂ ಊರವರೇ ಒಂದು ಸ್ಪ್ಯಾನರ್ ಹಿಡಿದು ಬದಲಾಯಿಸಬಹುದು ಎಂದು ಅವನು ಕಾಗದದಲ್ಲಿ ಬರೆದಿದ್ದನಷ್ಟೇ. ಅದು ನಿಜವೆಂದು ಗೊತ್ತಾದದ್ದು ಈಗ.

ಕಡಬದ ಸಭಾಭವನದಲ್ಲಿ ಹೊಳೆಯಾಚೆಯ ಜನರೂ ಈಚೆಯ ಜನರೂ ತುಂಬಿದ್ದರು. ಐದು ಮೇಜು, ಐದು ಸೇತುವೆ. ತನ್ನದನ್ನು ಕೊನೆಯ ಮೇಜಿನ ಮೇಲಿಟ್ಟು ಕೃಷ್ಣಮೋಹನ ಉಳಿದವನ್ನು ನೋಡಲು ಹೊರಟವನು ಮುಂಬಯಿಯವರ ಮೇಜಿನ ಮುಂದೆ ಬಂದು ನಿಂತುಬಿಟ್ಟ.

ಅದು ಸೇತುವೆಯ ಹಾಗೆಯೇ ಇರಲಿಲ್ಲ. ಒಂದು ದಡದಿಂದ ಇನ್ನೊಂದು ದಡಕ್ಕೆ ಗಾಳಿಗೆ ಬಾಗಿದ ಹುಲ್ಲಿನ ಎಸಳೊಂದು ಒರಗಿದಂತಿತ್ತು. ಎತ್ತರದ ದಡದಿಂದ ತಗ್ಗಿನ ದಡಕ್ಕೆ ಎಲ್ಲಿಯೂ ಮೆಟ್ಟಿಲಿಲ್ಲದೆ ಇಳಿಯುತ್ತಿತ್ತು. ನಡುಹೊಳೆಯಲ್ಲಿ ಅದು, ನಿಜದ ಅಳತೆಗೆ ತಂದರೆ, ಒಂದು ಮಾರು ಹೆಚ್ಚು ಅಗಲವಾಗಿತ್ತು. ಅಲ್ಲಿ ಎದೆಮಟ್ಟಕ್ಕೆ ಒಂದು ಕಟ್ಟೆ.

"ಇದು ಎಂತಕ್ಕೆ?" ಎಂದು ಕೇಳಿದ.

"ತಲೆಹೊರೆ ಇಳಿಸ್ಲಿಕ್ಕೆ," ಎಂದಳು ಮೇಜಿನ ಹಿಂದೆ ನಿಂತಿದ್ದ ಹುಡುಗಿ. "ಹುಲ್ಲು, ಸೊಪ್ಪು ಹೊತ್ತುಕೊಂಡು ಬರುವವರು ಯಾರ ಸಹಾಯವೂ ಇಲ್ಲದೆ ಇಳಿಸಿ, ಸ್ವಲ್ಪ ಹೊಳೆ ನೋಡಿ, ಮತ್ತೆ ಹೊತ್ತುಕೊಂಡು ಹೋಗ್ಬಹುದು."

ಅವಳ ಹೆಸರು ಆಫ್ರಾ. ನೆಲ್ಯಾಡಿಯವಳು, ಆ ಸಂಸ್ಥೆಯ ಆರ್ಕಿಟೆಕ್ಟ್. ವಿನ್ಯಾಸ ಅವಳದೇ. ಕೃಷ್ಣಮೋಹನ ಬಗ್ಗಿ ಆ ಕಟ್ಟೆಯನ್ನೇ ನೋಡಿದ. ಮೂರು ತಿಂಗಳು ಅವನು ಹೊಳೆಯ ಅಗಲ ಅಳೆದಿದ್ದ, ನೆರೆಯ ಎತ್ತರ ಅಳೆದಿದ್ದ, ಗಾಳಿಯ ವೇಗ ಹಿಡಿದಿದ್ದ. ಹೊರೆ ಹೊತ್ತವರ ಕುತ್ತಿಗೆಯ ನೋವು ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಹೊಟ್ಟೆಕಿಚ್ಚು ಬರಬೇಕಾದಲ್ಲಿ ಕಣ್ಣು ಒದ್ದೆಯಾಯಿತು.

ತೀರ್ಪುಗಾರರು ಮೂವರು. ಅವರು ಸುತ್ತಿದರು, ಬಗ್ಗಿದರು, ಕನ್ನಡಕ ತೆಗೆದು ಹಾಕಿದರು. ಗಾಳದ ನೂಲನ್ನು ಒಬ್ಬರು ಬೆರಳಿನಿಂದ ಮೀಟಿದಾಗ ಕೃಷ್ಣಮೋಹನ ಕಣ್ಣು ಮುಚ್ಚಿಕೊಂಡ. ಎರಡು ಗಂಟೆಗೆ ಜಿಲ್ಲೆಯಿಂದ ಬಂದ ಅಧಿಕಾರಿ ಮೈಕು ಹಿಡಿದರು. "ಮುಂಬಯಿಯ ವಿನ್ಯಾಸಕ್ಕೂ ಪುತ್ತೂರಿನ ವಿನ್ಯಾಸಕ್ಕೂ ಸಮಾನ ಅಂಕ ಬಂದಿದೆ. ದಾಟುವವರು ಊರಿನವರು. ಆದ್ದರಿಂದ ಕೊನೆಯ ನಿರ್ಧಾರ ಅವರೇ ಮಾಡಲಿ. ಚೀಟಿ ಕೊಡುತ್ತೇವೆ."

ಸಭೆ ಗುಲ್ಲೆಂದಿತು. ಮುಂಬಯಿಗೆ ಸಮ ಪುತ್ತೂರು! ಕೃಷ್ಣಮೋಹನ ಕುರ್ಚಿ ಹಿಡಿದುಕೊಂಡ. ತ್ಯಾಂಪಣ್ಣ ಮಾತ್ರ ಆಗಲೇ ವೇದಿಕೆಯ ಬುಡದಲ್ಲಿದ್ದರು.

"ಊರಿನವರಿಗೆ ಮಾತ್ರ ಅಂದ್ರೆ ಹೇಗೆ ಸರ್? ಪುತ್ತೂರಿನಿಂದ ಪಿಕಪ್ಪಿನಲ್ಲಿ ಬಂದಿದ್ದೇವೆ. ನಾವು ನಾಳೆ ದಾಟುವವರಲ್ವಾ? ಸಭೆಯಲ್ಲಿ ಇದ್ದವರಿಗೆಲ್ಲ ಚೀಟಿ ಕೊಡಿ!"

ಅಧಿಕಾರಿಗೆ ಊಟ ಆಗಿರಲಿಲ್ಲ. ಎಲ್ಲರಿಗೂ ಕೊಡಿ ಎಂದುಬಿಟ್ಟರು. ಹಾಗಾಗಿ, ಯಾವ ನಿಯಮದಲ್ಲೂ ಇಲ್ಲದೆ, ಕೃಷ್ಣಮೋಹನನ ಕೈಗೂ ಒಂದು ಚೀಟಿ ಬಂತು.

ಅವನು ಮೂಲೆಗೆ ಹೋಗಿ ಪೆನ್ಸಿಲು ತೆಗೆದ. 'ಪುತ್ತೂರು' ಎಂದು ಬರೆಯಬೇಕು, ಅಷ್ಟೇ. ತಲೆಯೆತ್ತಿದರೆ ಎದುರಿಗೆ ಆ ಹುಲ್ಲಿನ ಎಸಳು. ಹೊಳೆಯಾಚೆಯ ಮುದುಕಿಯೊಬ್ಬಳು ಅದರ ನಡುವಿನ ಕಟ್ಟೆಯನ್ನು ಬೆರಳಿನಿಂದ ಸವರುತ್ತಿದ್ದಳು. ಕೃಷ್ಣಮೋಹನ ಇಂಜಿನಿಯರು, ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಅಂಕೆ ಬರೆಯುವುದು ಅವನಿಗೆ ಯಾವತ್ತೂ ಆದದ್ದಲ್ಲ. 'ಮುಂಬಯಿ' ಎಂದು ಬರೆದು, ಮಡಚಿ, ಡಬ್ಬಿಗೆ ಹಾಕಿಬಂದ. ನೂರಾರು ಚೀಟಿಯಲ್ಲಿ ಒಂದು, ಅದರಿಂದ ಏನಾಗುವುದುಂಟು ಎಂದುಕೊಂಡ.

"ಮುಂಬಯಿ, ಎಂಬತ್ತೇಳು," ಎಂದರು ಅಧಿಕಾರಿ. "ಪುತ್ತೂರು, ಎಂಬತ್ತಾರು."

ಕೃಷ್ಣಮೋಹನನ ಕಾಲಡಿಯ ನೆಲ ತೂಗುಸೇತುವೆಯಂತೆ ಅಲ್ಲಾಡಿತು.

"ಒಂದು ಓಟು!" ತ್ಯಾಂಪಣ್ಣ ಬೊಬ್ಬೆ ಹಾಕಿದರು. "ನಮ್ಮ ಪಿಕಪ್ಪಿನಲ್ಲೇ ಯಾರೋ ಕೈಕೊಟ್ಟಿದ್ದಾರೆ. ದೇವಮ್ಮ, ನೀವು ಯಾರಿಗೆ ಹಾಕಿದ್ದು?"

"ನನ್ನ ಲುಂಗಿಯ ಋಣ ಉಂಟಲ್ಲ, ಪುತ್ತೂರಿಗೇ," ಎಂದರು ದೇವಮ್ಮ, ಅಳುವುದೊಂದು ಬಾಕಿ.

"ಮೂಸಕುಂಞಿ?"

"ನಾನೇ ಕಟ್ಟಿದ ಸೇತುವೆಗೆ ನಾನು ಹಾಕದೆ ಇರ್ತೇನಾ?"

ಹೀಗೆ ಒಬ್ಬೊಬ್ಬರ ವಿಚಾರಣೆ ನಡೆಯಿತು. ಕೃಷ್ಣಮೋಹನನನ್ನು ಯಾರೂ ಕೇಳಲಿಲ್ಲ. ಕೇಳುವ ಯೋಚನೆಯೇ ಯಾರಿಗೂ ಬರಲಿಲ್ಲ. ಅವನು ಬೆವರುತ್ತ ಸೀಲಿಂಗ್ ಫ್ಯಾನನ್ನು ನೋಡುತ್ತಿದ್ದ.

"ಹಾಗಾದ್ರೆ ಎಣಿಸಿದ್ದೇ ತಪ್ಪು!" ತ್ಯಾಂಪಣ್ಣ ಮತ್ತೆ ವೇದಿಕೆಗೆ ನುಗ್ಗಿದರು. "ಚೀಟಿ ಬೇಡ ಸರ್. ಎಲ್ಲರೆದುರು ಕೈ ಎತ್ತಿಸಿ!"

ಅಧಿಕಾರಿ ಹಣೆ ಒರೆಸಿಕೊಂಡು ಒಪ್ಪಿದರು.

ಕೃಷ್ಣಮೋಹನ ಫ್ಯಾನಿನಿಂದ ಕಣ್ಣು ಇಳಿಸಿದ. ಹೀಗೊಂದು ಎರಡನೆಯ ಅವಕಾಶ ಯಾರಿಗೆ ಸಿಗುತ್ತದೆ? ಅವನ ಒಂದು ಕೈ ಈಚೆಗೆ ಬಂದರೆ ಸಾಕು, ಅವನಿಗೆ ಎಂಬತ್ತೇಳು, ಅವರಿಗೆ ಎಂಬತ್ತಾರು. ಮನಸ್ಸು ಒಂದು ಕ್ಷಣ ಹುಲ್ಲಿನ ಎಸಳಿನತ್ತ ಹೋಯಿತು. ಆದರೆ ಹದಿನಾಲ್ಕು ಜನ ಅವನ ಸುತ್ತ ನಿಂತಿದ್ದರು, ಅವರ ಬೆರಳುಗಳಲ್ಲಿ ಇನ್ನೂ ಗಾಳದ ನೂಲಿನ ಗೀರು ಇತ್ತು.

"ಪುತ್ತೂರು?" ಎಂದಾಗ ಅವನು ಎತ್ತಿದ ಕೈಯ ರಭಸಕ್ಕೆ ಅಂಗಿಯ ಕಂಕುಳು ಹರಿಯಿತು.

ಅಧಿಕಾರಿ ಎಣಿಸಿದರು. ಇನ್ನಿಬ್ಬರು ಎಣಿಸಿದರು. ಆಮೇಲೆ ಮುಂಬಯಿಯ ಕೈಗಳನ್ನು ಎಣಿಸಿದರು.

"ಮುಂಬಯಿ, ಎಂಬತ್ತೇಳು. ಪುತ್ತೂರು, ಎಂಬತ್ತಾರು. ಇನ್ನು ಊಟ."

ತ್ಯಾಂಪಣ್ಣ ನಿಟ್ಟುಸಿರಿಟ್ಟರು. "ಸರಿಯೇ ಎಣಿಸಿದ್ದಾರೆ ಮಾರಾಯ. ನಮ್ಮಲ್ಲಿ ಯಾರೂ ಕೈಕೊಟ್ಟಿಲ್ಲ. ಅಷ್ಟಾದ್ರೂ ಸಮಾಧಾನ."

ಕೃಷ್ಣಮೋಹನನಿಗೆ ಸಮಾಧಾನ ಎಲ್ಲಿಂದ? ಅವನು ಬದಲಾದ ಮೇಲೂ ಲೆಕ್ಕ ಬದಲಾಗಿರಲಿಲ್ಲ. ಹದಿನಾರು ವರ್ಷದಲ್ಲಿ ಇಂಥ ಕೂಡು-ಕಳೆ ಅವನು ಕಂಡಿರಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು ಬೆರಳು ಮಡಚಿ ಮತ್ತೆ ಮತ್ತೆ ಎಣಿಸುತ್ತಿದ್ದಾಗ ಆಫ್ರಾ ಬಂದು ಪಕ್ಕದಲ್ಲಿ ಕೂತಳು.

"ಸರ್, ಒಂದು ವಿಷಯ ಹೇಳದೆ ಹೋದ್ರೆ ನನಗೆ ಊಟ ಸೇರುದಿಲ್ಲ. ನಿಮ್ಮ ಸೇತುವೆ ನೋಡಿ ನಾನು ಬೆರಗಾದೆ. ನಮ್ಮದು ಒಮ್ಮೆ ಹಾಳಾದ್ರೆ ಮುಂಬಯಿಯಿಂದಲೇ ಜನ ಬರ್ಬೇಕು. ನಿಮ್ಮದನ್ನು ಊರವರೇ ಹಲಗೆ ಬಿಚ್ಚಿ ಕಟ್ಬಹುದು. ಚೀಟಿಯಲ್ಲಿ ನಾನು ಪುತ್ತೂರು ಅಂತಲೇ ಬರೆದದ್ದು." ಅವಳು ತಲೆ ತಗ್ಗಿಸಿದಳು. "ಕೈ ಎತ್ತುವಾಗ ಬಾಸ್ ಪಕ್ಕದಲ್ಲೇ ಇದ್ರು. ನಮ್ಮದಕ್ಕೇ ಎತ್ತಿದೆ. ಕ್ಷಮಿಸಿ ಸರ್."

ಕೃಷ್ಣಮೋಹನ ಅವಳನ್ನೇ ನೋಡಿದ. ಲೆಕ್ಕ ಹೊಂದಿತು. ಹೊಟ್ಟೆಯ ಆಳದಿಂದ ನಗು ಉಕ್ಕಿ ಬಂತು.

"ನೀವು ಕ್ಷಮೆ ಕೇಳುದು ಬೇಡ ಮಾರಾಯ್ರೆ," ಎಂದ ಅವನು, ಕಣ್ಣೊರೆಸಿಕೊಳ್ಳುತ್ತ. "ಚೀಟಿಯಲ್ಲಿ ನಾನು ಬರೆದದ್ದು ಮುಂಬಯಿ ಅಂತ."

ಆಫ್ರಾ ನಗಲಿಲ್ಲ. ಅವಳು ಅವನ ಹೆಗಲ ಮೇಲಿನಿಂದ ಹಿಂದಕ್ಕೆ ನೋಡುತ್ತಿದ್ದಳು. ಕೃಷ್ಣಮೋಹನ ತಿರುಗಿದ. ಅವನಿಗೆಂದು ಎಲೆಯಲ್ಲಿ ಪಲಾವು ಹಿಡಿದು ತ್ಯಾಂಪಣ್ಣ ನಿಂತಿದ್ದರು. ಅವರ ಬೆನ್ನಿಗೆ ದೇವಮ್ಮ, ಮೂಸಕುಂಞಿ, ಪಿಕಪ್ಪಿನ ಉಳಿದವರೆಲ್ಲ.

"ಎಂತ ಹೇಳಿದ್ದು ನೀನು?" ಎಂದರು ತ್ಯಾಂಪಣ್ಣ, ಬಹಳ ಮೆಲ್ಲಗೆ. "ಇನ್ನೊಮ್ಮೆ ಹೇಳು."

ಪುತ್ತೂರಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೃಷ್ಣಮೋಹನ ಆಫ್ರಾಳನ್ನು ಕೇಳಿದ.