ಕಂಟೇನರಿಗೆ ನಾನು ತೋರಿಸಿದ ದಿಕ್ಕು

ಮನೆ ಸಾಮಾನು ಸಾಗಿಸುವ ಕಂಟೇನರನ್ನು ಅಂಗಳಕ್ಕೆ ಬರಮಾಡಿಕೊಳ್ಳುವುದು ದೊಡ್ಡ ವಿದ್ಯೆಯೇನಲ್ಲ ಎಂದುಕೊಂಡಿದ್ದೆ. ಈ ಪರದೇಶದ ಲೋವರ್ ಹಟ್ ಊರಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅಳತೆಪಟ್ಟಿ ಹಿಡಿದವನು ನಾನು. ಒಂದು ಕಬ್ಬಿಣದ ಪೆಟ್ಟಿಗೆ ನನಗೆ ಯಾವ ಲೆಕ್ಕ?

ಹೆಂಡತಿ ಸುಮಿತ್ರ ತೀರಿಕೊಂಡು ಎಂಟು ತಿಂಗಳಾಗಿತ್ತು. ನೆಲ್ಸನ್ ಊರಿನಲ್ಲಿರುವ ಮಗಳು ದೀಪಾ ಫೋನಿನಲ್ಲಿ, "ಅಪ್ಪಾ, ಪ್ಲೀಸ್, ಜಸ್ಟ್ ಕಮ್" ಎಂದು ದಿನವೂ ಕರೆಯುತ್ತಿದ್ದಳು. ಮನೆ ಮಾರಿದೆ. ಶನಿವಾರ ಬೀಗದ ಕೈ ಕೊಡಬೇಕಿತ್ತು. ಅಷ್ಟರೊಳಗೆ ಎಲ್ಲವನ್ನೂ ತುಂಬಬೇಕು. ಸುಮಿತ್ರಳ ಬೀರುವೊಂದನ್ನು ಬಿಟ್ಟರೆ ಕಷ್ಟದ್ದೇನೂ ಇರಲಿಲ್ಲ. ಅದನ್ನು ನಾನು ಎಂಟು ತಿಂಗಳಿಂದ ತೆರೆದಿರಲಿಲ್ಲ.

ಆದ್ದರಿಂದ ಮನೆಯೊಳಗಿನ ಕೆಲಸ ಬಿಟ್ಟು ಅಂಗಳದ ಕೆಲಸ ಹಿಡಿದೆ. ಕಂಟೇನರ್ ಕಂಪನಿಯವರು ಅಂಚೆಯಲ್ಲಿ ಕಳಿಸಿದ ಪತ್ರದಲ್ಲಿ ಆರು ಸೂಚನೆಗಳಿದ್ದವು. ನಾನು ಹದಿನಾಲ್ಕು ಪಾಲಿಸಿದೆ. ಫೀಜೋವಾ ಹಣ್ಣಿನ ಮರದ ಕೊಂಬೆ ಕಡಿದೆ. ವಿದ್ಯುತ್ ತಂತಿಯ ಎತ್ತರವನ್ನು ಮೂರು ಸಲ ಅಂದಾಜು ಮಾಡಿದೆ. ಲಾರಿಗೆ ಅಡ್ಡವಾದೀತೆಂದು ಲೆಟರ್‌ಬಾಕ್ಸನ್ನೇ ಕಿತ್ತೆ. ಕಾಂಕ್ರೀಟನ್ನು ಸೋಪುನೀರಿನಲ್ಲಿ ಉಜ್ಜಿದೆ. ಅಲ್ಲಿ ಎಲೆ ಹಾಕಿ ಊಟ ಬಡಿಸಬಹುದಿತ್ತು.

ಉಳಿದದ್ದು ಒಂದೇ ಪ್ರಶ್ನೆ. ಕಂಟೇನರಿನ ಬಾಗಿಲು ಯಾವ ಕಡೆಗೆ?

ಇದು ಸುಮಿತ್ರಳ ಇಲಾಖೆ. ಈ ದೇಶದಲ್ಲಿ ನಾವು ಹೊಕ್ಕ ಪ್ರತಿ ಮನೆಯ ಮುಂದೂ ಅವಳು ದಿಕ್ಸೂಚಿ ಹಿಡಿದು ನಿಂತವಳು. ಬಾಗಿಲು ಪೂರ್ವಕ್ಕೇ ಇರಬೇಕು. ಪ್ರತಿ ಸಲವೂ ನಾನು ನಕ್ಕಿದ್ದೆ. ಈ ಸಲ ನಗು ಬರಲಿಲ್ಲ. ಪೂರ್ವ ಎಂದೇ ಕಂಪನಿಗೆ ಬರೆದು ಕಳಿಸಿದೆ.

ಪೂರ್ವಕ್ಕಿದ್ದದ್ದು ಗ್ಯಾರೇಜಿನ ಗೋಡೆ. ಅದಕ್ಕೇನಂತೆ? ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ರಂಗೋಲಿ ಪುಡಿಯಲ್ಲಿ ಗೆರೆ ಎಳೆದೆ. ನಾನು ತೆಳ್ಳಗಿದ್ದೇನೆ.

ಬುಧವಾರ ಬೆಳಿಗ್ಗೆ ಲಾರಿ ಬಂತು. ಡ್ರೈವರ್ ನನ್ನ ಗೆರೆ ನೋಡಿ, "ಬಾಗಿಲು ಗೋಡೆ ಕಡೆಗಾ ಮೇಟ್? ಖಂಡಿತಾನಾ?" ಎಂದು ಕೇಳಿದ.

"ಈಸ್ಟ್," ಎಂದೆ ಗಂಭೀರವಾಗಿ.

ಅವನು ಭುಜ ಕುಣಿಸಿ, ಪೆಟ್ಟಿಗೆಯನ್ನು ಗೆರೆಯ ಮೇಲೆಯೇ ಇಳಿಸಿ ಹೋದ. ನಾನು ಗೋಡೆಯ ಸಂದಿಗೆ ನುಸುಳಿ ಬಾಗಿಲು ತಳ್ಳಿದೆ. ಜಗ್ಗಲಿಲ್ಲ. ಅದು ಹೊರಕ್ಕೆ ತೆರೆಯುವ ಬಾಗಿಲು. ಎಳೆದರೆ ಉದ್ದನೆಯ ಹಿಡಿ ಗೋಡೆಗೆ ಬಡಿದು ನಿಂತಿತು. ತೆರೆದದ್ದು ಒಂದು ಗೇಣು.

ಪಕ್ಕದ ಮನೆಯ ಖಲೀಲ್ ಭಾಯ್ ಹುಬ್ಬಳ್ಳಿಯವರು. ಬೇಲಿಯಾಚೆಯಿಂದ ಎಲ್ಲವನ್ನೂ ನೋಡಿದ್ದರು.

"ರಾಯರ, ಇಷ್ಟೆಲ್ಲಾ ಅಳತಿ ಮಾಡಿದ್ರಿ. ಬಾಗಲಾ ಹೆಂಗ ತೆರೀತೈತಿ ಅಂತ ನೋಡಲಿಲ್ಲೇನ್ರಿ?"

"ಮನೆ ಬಾಗಿಲು ಒಳಗಡೆ ಅಲ್ವಾ ತೆರೆಯೋದು?"

"ಇದು ಮನಿ ಅಲ್ರೀ, ಡಬ್ಬಿ. ಅಲ್ಲ, ಈ ದೇಶದಾಗ ಸೂರ್ಯಾನ ಉತ್ತರದಾಗ ಹಾದು ಹೋಗ್ತಾನ. ಇಲ್ಲಿ ಡಬ್ಬಿಗೆ ವಾಸ್ತು ಮಾಡ್ರಿ ಅಂತ ಯಾರ್ ಹೇಳಿದ್ರು ನಿಮಗ?"

"ಸುಮಿತ್ರ."

ಖಲೀಲ್ ಭಾಯ್ ಬೇಲಿಯ ಮೇಲಿದ್ದ ಕೈ ತೆಗೆದರು.

ಕಂಪನಿಗೆ ಫೋನ್ ಮಾಡಿದೆ. ಶುಕ್ರವಾರಕ್ಕಿಂತ ಮುಂಚೆ ಲಾರಿ ಇಲ್ಲವೆಂದರು.

"ಎರಡು ದಿನ ಸುಮ್ನ ಕುಂದರಬ್ಯಾಡ್ರಿ," ಎಂದರು ಖಲೀಲ್ ಭಾಯ್. "ಆ ಸಂದ್ಯಾಗ ಹೋಗೂವಂಥಾದ್ದು, ಬಿದ್ದರೂ ಒಡೀಲಾರದ್ದು, ಏನರ ಐತೇನ ನೋಡ್ರಿ."

ಮನೆಯೆಲ್ಲ ಸುತ್ತಿದೆ. ಫ್ರಿಜ್ಜು, ಮಂಚ, ಪಾತ್ರೆ, ಗಾಜು. ಗೇಣಗಲದಲ್ಲಿ ತೂರುವ, ಬಿದ್ದರೆ ಒಡೆಯದ ವಸ್ತು ಇದ್ದದ್ದು ಬೀರುವಿನಲ್ಲಿ.

ತೆರೆದೆ. ನುಸಿಗುಳಿಗೆಯ ವಾಸನೆ, ಅದರ ಕೆಳಗೆ ಅವಳ ಪೌಡರಿನ ವಾಸನೆ. ಮಂಚದ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಆಮೇಲೆ ಒಂದೊಂದೇ ಸೀರೆ ತಂದು ಸಂದಿಯಲ್ಲಿ ತೂರಿಸತೊಡಗಿದೆ. ಒಳಗೆ ಕತ್ತಲೆ, ಎಲ್ಲಿ ಬೀಳುತ್ತದೆಂದು ಕಾಣುತ್ತಿರಲಿಲ್ಲ. ಕಾಣದಿದ್ದದ್ದರಿಂದಲೇ ಆ ಕೆಲಸ ನನ್ನಿಂದಾಯಿತು. ಗುರುವಾರ ಸಂಜೆಗೆ ಬೀರು ಖಾಲಿ.

ಶುಕ್ರವಾರ ಮಧ್ಯಾಹ್ನ ಅದೇ ಡ್ರೈವರ್ ಬಂದು ಪೆಟ್ಟಿಗೆ ತಿರುಗಿಸಿಟ್ಟು, ಬಾಗಿಲನ್ನು ಪೂರ್ತಿ ತೆರೆದ. ಇಪ್ಪತ್ತು ಅಡಿ ಖಾಲಿ ಕಂಟೇನರ್. ಬಾಗಿಲಲ್ಲೇ ಮಡಿಕೆ ಬಿಚ್ಚಿಹೋದ ಅರವತ್ತು ಸೀರೆಗಳ ಗುಡ್ಡೆ.

"ಇಷ್ಟೇನಾ ನಿನ್ನ ಸಾಮಾನು?" ಎಂದ.

"ಹೆಂಡತಿಯದು. ಹೋಗಿಬಿಟ್ಟಳು," ಎಂದೆ.

ತುಳಿಯದೆ ಒಳಗೆ ಕಾಲಿಡುವಂತಿರಲಿಲ್ಲ. ಮೊದಲು ಮಡಿಸಬೇಕು. ಆರು ಗಜದ ಸೀರೆ ಒಬ್ಬರ ಕೈಗೆ ಬಗ್ಗುವುದಿಲ್ಲ. "ರೀ, ಒಂಚೂರು ಆ ತುದಿ ಹಿಡ್ಕೊಳ್ಳಿ" ಎಂದು ಸುಮಿತ್ರ ಕರೆಯುತ್ತಿದ್ದಳು. ನಾನು ಪೇಪರ್ ಓದುತ್ತಾ "ಬಂದೆ" ಎನ್ನುತ್ತಿದ್ದೆ. ನಾನು ಏಳುವಷ್ಟರಲ್ಲಿ ಅವಳು ಗದ್ದಕ್ಕೆ ಸಿಕ್ಕಿಸಿಕೊಂಡು ಮಡಿಸಿ ಮುಗಿಸಿರುತ್ತಿದ್ದಳು. ಖಲೀಲ್ ಭಾಯ್ ಮಧ್ಯಾಹ್ನದ ನಮಾಜಿಗೆ ಹೋಗಿದ್ದರು. ನಾನು ಒಂದು ಸೀರೆಯ ತುದಿ ಎತ್ತಿದೆ. ಡ್ರೈವರ್ ಕೈಗವಸು ಕಳಚಿ ಜೇಬಿಗಿಟ್ಟು, ಇನ್ನೊಂದು ತುದಿ ಹಿಡಿದ.

ಮೂರನೆಯ ಸೀರೆಯ ಹೊತ್ತಿಗೆ, ಅಂಚಿನ ಮೇಲೆ ಅಂಚು ಕೂರಬೇಕೆಂಬುದು ಅವನಿಗೆ ತಿಳಿಯಿತು. ನನ್ನ ಕಡೆ ಸೊಟ್ಟಗಾಗುತ್ತಲೇ ಇತ್ತು.

"ಬಿಗಿಯಾಗಿ ಹಿಡಿ ಮೇಟ್, ನಿನ್ನ ತುದಿ ಜಾರ್ತಿದೆ," ಎಂದ. "ಅವಸರ ಇಲ್ಲ."

ಮೂವತ್ತೊಂದು ವರ್ಷ ಸಂಸಾರ ಮಾಡಿದ ನನಗೆ, ಹೆಂಡತಿಯ ಸೀರೆ ಮಡಿಸುವುದನ್ನು ಲಾರಿ ಡ್ರೈವರ್ ಹೇಳಿಕೊಟ್ಟ.